ಮಾರುಕಟ್ಟೆಯ ನಡುವೆ ಒಂದು ನಕ್ಷತ್ರ

ಆಗಮನ ಕಾಲ ಬಂತೆಂದರೆ ಜರ್ಮನಿಯ ಊರೂರಿನ ಚೌಕಗಳಲ್ಲಿ ಮರದ ಅಂಗಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳಲ್ಲಿ ಅತ್ಯಂತ ಹೆಸರಾದವುಗಳಲ್ಲೊಂದು ನ್ಯೂರೆಂಬರ್ಗಿನ ‘ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್’. ಬಾಲಯೇಸುವಿನ ಸಂತೆ ಎಂಬುದು ಆ ಹೆಸರಿನ ಅರ್ಥ. ಡಿಸೆಂಬರಿನ ಒಂದು ದಿನ ಮ್ಯೂನಿಕ್‌ನಿಂದ ಬೆಳಗಿನ ರೈಲು ಹಿಡಿದು ನಾನು ಅಲ್ಲಿಗೆ ಹೋಗಿದ್ದೆ. ಕೊಳ್ಳುವುದೇನೂ ಇರಲಿಲ್ಲ, ಸಂತೆಯೊಂದು ಬಾಲಯೇಸುವಿನ ಹೆಸರನ್ನು ಹೇಗೆ ಹೊತ್ತಿದೆ ಎಂದು ನೋಡುವ ಕುತೂಹಲವಿತ್ತು.

ಹಿಮ ಬಿದ್ದಿರಲಿಲ್ಲ, ಚಳಿ ಮಾತ್ರ ಕೈಗವಸನ್ನೂ ತೂರಿ ಬೆರಳುಗಳನ್ನು ಮುಟ್ಟುತ್ತಿತ್ತು. ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಅಂಗಡಿಗಳು. ಒಣಗಿದ ಪ್ಲಮ್ ಹಣ್ಣುಗಳನ್ನು ತಂತಿಗೆ ಪೋಣಿಸಿ ಮಾಡಿದ ಪುಟ್ಟ ಗೊಂಬೆಗಳು. ಒಂದೇ ಬನ್ನಿನಲ್ಲಿ ಮೂರು ಇಟ್ಟುಕೊಡುವ ಬೆರಳುಗಾತ್ರದ ಸಾಸೇಜುಗಳು. ಮುಂಗಡ ಹಣ ಪಡೆದು ಕೊಡುವ ಪಿಂಗಾಣಿ ಲೋಟದಲ್ಲಿ ಹಬೆಯಾಡುವ ದ್ರಾಕ್ಷಾರಸ. ಆ ಊರಿನ ‘ಲೆಬ್‌ಕೂಖೆನ್’ ಎಂಬ ಮಸಾಲೆಯ ತಿನಿಸಿಗೆ ಏಲಕ್ಕಿ, ಲವಂಗ, ದಾಲ್ಚಿನ್ನಿ ಹಾಕುತ್ತಾರೆ. ಮಧ್ಯಯುಗದಲ್ಲಿ ನ್ಯೂರೆಂಬರ್ಗಿನ ವರ್ತಕರು ವೆನಿಸ್ ನಗರದ ಮೂಲಕ ಪೂರ್ವದೇಶಗಳ ಈ ಸಂಬಾರಗಳನ್ನು ತರಿಸುತ್ತಿದ್ದರು. ಅದರ ಪರಿಮಳಕ್ಕೆ ಮಂಗಳೂರಿನ ಮನೆಗಳಲ್ಲಿ ಕುಸ್ವಾರ್ ಮಾಡುವ ದಿನಗಳು ನೆನಪಾದವು.

ಈ ಸಂತೆಯ ಅತಿ ಹಳೆಯ ಲಿಖಿತ ಕುರುಹು 1628ರದು. ಅಂದು ಉಡುಗೊರೆಯಾಗಿ ಬಂದ ಮರದ ಪೆಟ್ಟಿಗೆಯೊಂದರ ಮೇಲಿನ ಬರಹದಲ್ಲಿ ಅದರ ಹೆಸರಿದೆ. ಮಕ್ಕಳಿಗೆ ಸಂತ ನಿಕೋಲಸರು ಕಾಣಿಕೆ ತರುತ್ತಾರೆಂಬ ಪದ್ಧತಿಯ ಬದಲು ಬಾಲಯೇಸುವೇ ತರುತ್ತಾನೆಂಬ ರೂಢಿಯನ್ನು ಬೆಳೆಸಿದವರು ಮಾರ್ಟಿನ್ ಲೂಥರರ ಅನುಯಾಯಿಗಳು. ಇಂದು ಆ ರೂಢಿ ಹೆಚ್ಚಾಗಿ ಉಳಿದಿರುವುದು ಕಥೋಲಿಕರ ಸೀಮೆಗಳಲ್ಲಿ! ಸಂತೆಯ ಆರಂಭದ ಸಂಜೆ, ಚಿನ್ನದ ಬಣ್ಣದ ಉಡುಪು ಧರಿಸಿದ ಊರಿನ ಹೆಣ್ಣುಮಗಳೊಬ್ಬಳು ಮಾತೆ ಮರಿಯಮ್ಮನವರ ದೇವಾಲಯದ ಮೇಲ್ಮೊಗಸಾಲೆಯಲ್ಲಿ ನಿಂತು ಜನರನ್ನು ಸ್ವಾಗತಿಸುತ್ತಾಳೆ. ಎರಡು ವರ್ಷಗಳಿಗೊಮ್ಮೆ ಆಯ್ಕೆಯಾಗುವ ಆಕೆಯನ್ನು ‘ಕ್ರಿಸ್ಟ್‌ಕಿಂಡ್’ ಎಂದೇ ಕರೆಯುತ್ತಾರೆ. 2019ರಲ್ಲಿ ಈ ಗೌರವಕ್ಕೆ ಪಾತ್ರಳಾದವಳು ಹದಿನೇಳರ ಬೆನಿಗ್ನಾ ಮುನ್ಸಿ. ಅವಳ ತಂದೆ ಭಾರತ ಮೂಲದವರು. ಬಲಪಂಥೀಯ ಪಕ್ಷವೊಂದರ ಸ್ಥಳೀಯ ಘಟಕ ಅವಳ ಮೂಲವನ್ನು ಹಿಡಿದು ಹೀಯಾಳಿಸಿತು. ಆದರೆ ಊರು ಅವಳ ಬೆನ್ನಿಗೆ ನಿಂತಿತು. ಆ ವರ್ಷ ಸಂತೆಯನ್ನು ತೆರೆದವಳು ಅವಳೇ. ಇದನ್ನು ಓದಿದ್ದ ನನಗೆ ಆ ಮೊಗಸಾಲೆಯನ್ನು ಕಂಡಾಗ ಅಭಿಮಾನವೆನಿಸಿತು.

ಮಧ್ಯಾಹ್ನ ಹನ್ನೆರಡಕ್ಕೆ ಜನರೆಲ್ಲ ಕತ್ತೆತ್ತಿ ನಿಂತರು. ದೇವಾಲಯದ ಮುಂಭಾಗದಲ್ಲಿ ಹದಿನಾರನೆಯ ಶತಮಾನದ ಆರಂಭದ ಯಂತ್ರ ಗಡಿಯಾರವೊಂದಿದೆ. ಗಂಟೆ ಬಾರಿಸಿದಾಗ ಏಳು ಮಂದಿ ರಾಜಪ್ರಮುಖರ ಗೊಂಬೆಗಳು ಹೊರಬಂದು, ಸಿಂಹಾಸನದಲ್ಲಿ ಕುಳಿತ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್‌ನಿಗೆ ಮೂರು ಸುತ್ತು ಬರುತ್ತವೆ. ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಂದೆಯರು ಬೆರಳು ತೋರಿಸಿ ನಗುತ್ತಿದ್ದರು. ಆ ಚಕ್ರವರ್ತಿಯ ಕಥೆ ಗೊತ್ತಿದ್ದ ನನಗೆ ನಗು ಬರಲಿಲ್ಲ.

ಇಂದು ಸಂತೆ ನೆರೆಯುವ ಈ ಚೌಕ 1349ರವರೆಗೆ ಯೆಹೂದ್ಯರ ಕೇರಿಯಾಗಿತ್ತು. ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳು ಆರೋಪ ಯೂರೋಪಿನ ನಗರಗಳಲ್ಲಿ ಅವರ ಬೆನ್ನು ಹತ್ತಿದ್ದ ಕಾಲವದು. ಆದರೆ ಇಲ್ಲಿಯ ನಗರಸಭೆಗೆ ಬೇಕಾಗಿದ್ದದ್ದು ವಿಶಾಲವಾದ ಮಾರುಕಟ್ಟೆಗೆ ಜಾಗ. ಯೆಹೂದ್ಯರ ಮನೆಗಳನ್ನು ಕೆಡವಲು, ಅವರ ಪ್ರಾರ್ಥನಾಮಂದಿರದ ಜಾಗದಲ್ಲಿ ಮಾತೆ ಮರಿಯಮ್ಮನವರಿಗೆ ದೇವಾಲಯ ಕಟ್ಟಲು ಚಾರ್ಲ್ಸ್ ನವೆಂಬರಿನಲ್ಲಿ ಅನುಮತಿ ಕೊಟ್ಟ. ಡಿಸೆಂಬರ್ 5ರಂದು ಕೇರಿ ನಾಶವಾಯಿತು. 560ಕ್ಕೂ ಹೆಚ್ಚು ಯೆಹೂದ್ಯರು ಪ್ರಾಣ ತೆತ್ತರು. ಮರುದಿನ ಸಂತ ನಿಕೋಲಸರ ಹಬ್ಬ. ಕೊಂದವರು ಆ ದಿನ ಪೂಜೆಗೆ ಹೋಗಿರಬೇಕು ಎಂಬ ಯೋಚನೆ ಗುರುವಾದ ನನ್ನನ್ನು ಹೆಚ್ಚು ಕಲಕಿತು. ಆಗಮನ ಕಾಲದ ಯಾವ ಪ್ರವಾದನೆಯನ್ನು ಅವರು ಕೇಳಿದರೋ?

ಆ ಚೌಕಕ್ಕೆ ಮುಂದೆ ಹಿಟ್ಲರನ ಹೆಸರು ಬಂತು. 1933ರಲ್ಲಿ ನಾಜಿಗಳು ಬೇರೆಡೆ ನಡೆಯುತ್ತಿದ್ದ ಸಂತೆಯನ್ನು ಅಲ್ಲಿಗೇ ಮರಳಿ ತಂದು ವೈಭವದಿಂದ ನಡೆಸಿದರು. ಎರಡು ವರ್ಷಗಳ ಬಳಿಕ ಅದೇ ಊರಿನಲ್ಲಿ ಯೆಹೂದ್ಯರ ಪೌರತ್ವ ಕಸಿಯುವ ಕಾನೂನುಗಳು ಘೋಷಣೆಯಾದವು. 1945ರ ಜನವರಿ 2ರ ಬಾಂಬ್ ದಾಳಿಗೆ ಹಳೆಯ ನಗರ ಬೂದಿಯಾಯಿತು. 1948ರಲ್ಲಿ ಅವಶೇಷಗಳ ನಡುವೆ ಸಂತೆ ಮತ್ತೆ ಆರಂಭವಾಯಿತು. ಆ ವರ್ಷ ಅಂಗಡಿ ಹೂಡಿದವರ ಆಸೆಯನ್ನು ನಾನು ಗೌರವಿಸುತ್ತೇನೆ. ಹಬ್ಬವೇ ಬೇಡವೆನ್ನುವಷ್ಟು ಕಠಿಣನಾಗಲು ನನ್ನಿಂದಾಗದು.

ಗೊಂಬೆಗಳ ಆಟ ಮುಗಿದೊಡನೆ ಚೌಕ ಮತ್ತೆ ಗಲಗಲಿಸಿತು. ನಾನು ದೇವಾಲಯದೊಳಗೆ ಹೋದೆ. ಒಳಗೆ ಬೆಚ್ಚಗಿತ್ತು. ಪೀಠದ ಭಾಗದ ನೆಲದಲ್ಲಿ ದಾವೀದನ ನಕ್ಷತ್ರವನ್ನು ಕೂರಿಸಿದ್ದಾರೆ. ಇಲ್ಲಿದ್ದ ಪ್ರಾರ್ಥನಾಮಂದಿರದ ನೆನಪಿಗೆ. ತಲೆಯೆತ್ತಿ ನಡೆಯುವವರಿಗೆ ಅದು ಕಾಣುವುದಿಲ್ಲ. ಶುಭಸಂದೇಶದ ಮೊದಲ ಪುಟದಲ್ಲೇ ಯೇಸುವಿಗೆ ದಾವೀದನ ಕುಲದವನೆಂಬ ವಿಳಾಸವಿದೆ. ಮರಿಯಮ್ಮನವರು ಯೆಹೂದ್ಯ ತಾಯಿ. 1349ರಲ್ಲಿ ಆ ತಾಯಿ ಕೂಸನ್ನೆತ್ತಿಕೊಂಡು ಈ ಊರಿಗೆ ಬಂದಿದ್ದರೆ ಇಳಿದುಕೊಳ್ಳುತ್ತಿದ್ದದ್ದು ಇದೇ ಕೇರಿಯಲ್ಲಿ.

ಹೊರಗಿನ ಗದ್ದಲ ಕಲ್ಲಿನ ಗೋಡೆಗಳನ್ನು ದಾಟಿ ಸಣ್ಣಗೆ ಕೇಳುತ್ತಿತ್ತು. ಕೈಯಲ್ಲಿ ತಿನಿಸಿನ ಪೊಟ್ಟಣ ಹಿಡಿದ ಮುದುಕಿಯೊಬ್ಬರು ಬಂದು ದೀಪ ಹಚ್ಚಿ, ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ನಾನೂ ಒಂದು ದೀಪ ಹಚ್ಚಿದೆ. ಆ 560ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರ ಹೆಸರೂ ನನಗೆ ತಿಳಿದಿರಲಿಲ್ಲವಾದ್ದರಿಂದ, ದಾವೀದನ ಕೀರ್ತನೆಯೊಂದನ್ನು ಮೆಲ್ಲಗೆ ಹೇಳಿಕೊಂಡೆ.