ಗುಡ್ಡದ ಹೊಗೆ, ಆಕಾಶದ ಕಣ್ಣು

ಮಾರ್ಚ್ ಬಂತೆಂದರೆ ನಮ್ಮ ಕಾತ್ರಜದ ಗುಡ್ಡಗಳ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ನೋಡಲು ಚೆಂದ. ಆದರೆ ಒಂದು ಬೀಡಿಯ ತುಂಡು ಬಿದ್ದರೆ ಸಾಕು, ಇಡೀ ಇಳಿಜಾರು ಹೊತ್ತಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಹುಲ್ಲು ಚೆನ್ನಾಗಿ ಚಿಗುರಲೆಂದು ಬೇಕೆಂತಲೇ ಕಡ್ಡಿ ಗೀರುವವರೂ ಉಂಟು. ಇಲ್ಲಿನ ಮಂದಿ ಇದಕ್ಕೆ 'ವಣವಾ' ಎನ್ನುತ್ತಾರೆ; ನಮ್ಮ ಕಾಳ್ಗಿಚ್ಚೇ. ಗಾಳಿ ಮನೆಯ ಕಡೆ ತಿರುಗಿದ ದಿನ ಒಣಹಾಕಿದ ಬಟ್ಟೆಯ ಮೇಲೆಲ್ಲ ಕರಿ ಬೂದಿ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಅವ್ವನ ದಮ್ಮು. ಗದಗಿನ ಬಯಲುಗಾಳಿಯಲ್ಲಿ ಎಪ್ಪತ್ತು ವರ್ಷ ಆರಾಮಾಗಿ ಉಸಿರಾಡಿದ ಜೀವ ಇಲ್ಲಿ ರಾತ್ರಿಯಿಡೀ ದಿಂಬಿಗೊರಗಿ ಕುಳಿತಿರುತ್ತದೆ.

ಹೊಗೆ ಬರುವ ಮುಂಚೆಯೇ ಕಿಟಕಿ ಮುಚ್ಚಿರಿ ಎಂದರು ಡಾಕ್ಟರು. ಹೇಳುವುದು ಸುಲಭ; ಬರುವುದು ಮುಂಚೆ ತಿಳಿಯುವುದು ಹೇಗೆ? ಹೀಗೆ ನಾವು ಉಪಗ್ರಹ ಚಿತ್ರಗಳ ಬೆನ್ನು ಹತ್ತಿದೆವು. ಬಿ.ಎಸ್‌ಸಿ.ಯಲ್ಲಿ ಓದಿದ ಭೌತಶಾಸ್ತ್ರ ಇಪ್ಪತ್ತು ವರ್ಷಗಳ ಕಡತಗಳ ಅಡಿಯಲ್ಲಿ ಧೂಳು ತಿನ್ನುತ್ತಿತ್ತು, ಅದನ್ನು ಹೊರಗೆ ತೆಗೆಯಬೇಕಾಯಿತು.

ವಸ್ತು ಬಿಸಿಯಾದಷ್ಟೂ ಅದು ಸೂಸುವ ಕಿರಣದ ಅಲೆಯುದ್ದ ಕಡಿಮೆಯಾಗುತ್ತದೆ ಎಂಬ ವೀನ್ ನಿಯಮ ನೆನಪಿದ್ದವರಿಗೆ ವಿಷಯ ಬೇಗ ತಿಳಿಯುತ್ತದೆ. ಸಾಮಾನ್ಯ ನೆಲ ಹೆಚ್ಚಾಗಿ ಸೂಸುವುದು 10-11 ಮೈಕ್ರಾನ್ ಸುಮಾರಿನಲ್ಲಿ. ಉರಿಯುವ ಹುಲ್ಲು 4 ಮೈಕ್ರಾನ್ ಹತ್ತಿರ ಎದ್ದು ಕಾಣುತ್ತದೆ. ಉಪಗ್ರಹದ ಉಪಕರಣ ಎರಡನ್ನೂ ಹೋಲಿಸಿ ನೋಡುತ್ತದೆ, ಬೆಂಕಿಯಿದ್ದಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. ಅಮೆರಿಕದ ನಾಸಾ ಸಂಸ್ಥೆ ಈ ಚುಕ್ಕೆಗಳನ್ನು ಸುಮಾರು ಮೂರು ಗಂಟೆಯೊಳಗೆ ಎಲ್ಲರಿಗೂ ಪುಕ್ಕಟೆಯಾಗಿ ಕೊಡುತ್ತದೆ. ನಮ್ಮ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಹೆಸರು ನೋಂದಾಯಿಸಿದವರ ಫೋನಿಗೇ ಸುದ್ದಿ ಕಳಿಸುತ್ತದೆ. ಹೊಗೆಯ ಗುರುತು ಬೇರೆ: ಮೋಡ ಬೆಳ್ಳಗೆ, ಅಂಚು ಸ್ಪಷ್ಟ, ಹೊಗೆ ನೀಲಿಬೂದು, ಅಂಚು ಕದಡಿದ್ದು, ಗಾಳಿಯ ದಿಕ್ಕಿಗೆ ಬಾಲ ಚಾಚಿರುತ್ತದೆ. ಒಂದು ವಾರ ನೋಡಿದರೆ ಕಣ್ಣು ಪಳಗುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಓದುಗರಿಗೆ ನೆನಪಿರಬಹುದು. ಒಣಗಿ ನಿಂತ ಲಂಟಾನ ಪೊದೆಗಳು ಬೆಂಕಿಗೆ ಸೌದೆಯಾದವು, ವಾಯುಸೇನೆಯ ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿದವು. ಎಷ್ಟು ಕಾಡು ಹೋಯಿತೆಂದು ಆಳಿಗೊಂದು ಲೆಕ್ಕ ಹೇಳುತ್ತಿರುವಾಗ ಉಪಗ್ರಹ ಚಿತ್ರದ ಕಪ್ಪು ಗಾಯ ನೋಡಿ ಅಳತೆ ಮಾಡಿದರು. ಹತ್ತು ಸಾವಿರ ಎಕರೆ ಮೀರಿತ್ತು. ಅದೇ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯಾದ ಕಾಡುಗಳಿಂದೆದ್ದ ಹೊಗೆ 2020ರ ಜನವರಿಗೆ ಭೂಮಿಯನ್ನು ಒಂದು ಸುತ್ತು ಹಾಕಿ ಬಂದದ್ದನ್ನೂ ಉಪಗ್ರಹಗಳೇ ತೋರಿಸಿದವು.

ಇಷ್ಟು ಬಲ್ಲ ಕಣ್ಣಿಗೆ ನಮ್ಮ ಗುಡ್ಡ ಕಾಣಲಿಲ್ಲ! ಕಳೆದ ವರ್ಷದ ಮಾರ್ಚಿನಲ್ಲಿ ಒಂದು ಸಂಜೆ ಆರಕ್ಕೆ ಹೊತ್ತಿದ ಬೆಂಕಿ ಹತ್ತಕ್ಕೆ ಆರಿತು. ಅವ್ವ ಬೆಳತನಕ ಮಲಗಲಿಲ್ಲ. ಮರುದಿನ ನಕ್ಷೆ ತೆರೆದರೆ ಕಾತ್ರಜದ ಮೇಲೆ ಒಂದು ಚುಕ್ಕೆಯೂ ಇಲ್ಲ. ಕಾರಣ ಸರಳ. 375 ಮೀಟರ್ ಅಳತೆಯವರೆಗೆ ಬಿಡಿಸಿ ನೋಡಬಲ್ಲ ಉಪಕರಣ ಹೊತ್ತ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ, ಮತ್ತೆ ರಾತ್ರಿ ಒಂದೂವರೆ ಸುಮಾರಿಗೆ. ನಡುವೆ ಹೊತ್ತಿ ಆರಿದ್ದು ಲೆಕ್ಕಕ್ಕಿಲ್ಲ. 36,000 ಕಿ.ಮೀ. ಎತ್ತರದಲ್ಲಿ ನಿಂತ ನಮ್ಮ ಇನ್ಸಾಟ್-3ಡಿಆರ್ ಅರ್ಧ ಗಂಟೆಗೊಂದು ಚಿತ್ರ ತೆಗೆಯುತ್ತದೆ, ಆದರೆ ಶಾಖದ ಚಿತ್ರದಲ್ಲಿ ಅದರ ಒಂದು ಚೌಕ ನಾಲ್ಕು ಕಿ.ಮೀ.; ಒಂದು ಗುಡ್ಡದ ಹುಲ್ಲು ಅದರೊಳಗೆ ಮುಳುಗಿಹೋಗುತ್ತದೆ. 2024ರಲ್ಲಿ ಪಂಜಾಬಿನ ಕೂಳೆ ಸುಡುವ ವಿಷಯದಲ್ಲೂ ಇದೇ ತಕರಾರು ಎದ್ದಿತ್ತು. ಚುಕ್ಕೆಗಳು ಕಡಿಮೆಯಾದವು, ಹೊಗೆ ಮಾತ್ರ ಹಾಗೇ ಇತ್ತು. ಕೊರಿಯಾದ ಒಂದು ಸ್ಥಿರ ಉಪಗ್ರಹದ ಚಿತ್ರ ನೋಡಿದವರಿಗೆ ಸಂಜೆ ಹೊತ್ತಿನ ಹೊಗೆ ಕಂಡಿತು. ತಪಾಸಣೆಗೆ ಬಂದ ಸಾಹೇಬರು ಹೊರಟ ಮೇಲೆ ಕಚೇರಿ ಹೇಗಿರುತ್ತದೆಂದು ಬಲ್ಲ ನಮಗೆ ಆಶ್ಚರ್ಯವೇನೂ ಆಗಲಿಲ್ಲ.

ಇನ್ನೊಂದು ಮಾತು. ಮೇಲಿನಿಂದ ಕಂಡ ಹೊಗೆಯೆಲ್ಲ ಮೂಗಿಗೆ ಬರುವುದಿಲ್ಲ. ಎಷ್ಟೋ ಸಲ ಅದು ಎರಡು ಮೂರು ಕಿ.ಮೀ. ಎತ್ತರದಲ್ಲೇ ತೇಲಿ ಹೋಗುತ್ತದೆ. ಉಸಿರಿನ ಮಟ್ಟದ ಲೆಕ್ಕ ಬೇಕೆಂದರೆ ನೆಲದ ಮೇಲೆ ಯಂತ್ರ ಬೇಕು. ಪಾಷಾಣದ ಹವಾಮಾನ ವಿಜ್ಞಾನ ಸಂಸ್ಥೆಯ 'ಸಫರ್' ಯೋಜನೆ ಕಾತ್ರಜದಲ್ಲೂ ಮಾಪನ ಕೇಂದ್ರ ಇಟ್ಟಿತು. ಅವ್ವನಿಗೆ ಆ ಅಂಕಿಗಳ ಮೇಲೆ ನಂಬಿಕೆ ಕಡಿಮೆ. "ನನ್ನ ಎದೀಗೆ ಮೊದ್ಲ ಗೊತ್ತಾಗತೈತಿ ಬಿಡು" ಎನ್ನುತ್ತಾಳೆ.

ಅವ್ವನ ಎದೆಗಿಂತಲೂ ಮೊದಲು ಗೊತ್ತಾಗುವುದು ನಮ್ಮ ವಾಚ್‌ಮನ್‌ಗೆ. ಕಲಬುರ್ಗಿ ಕಡೆಯವನು, ಗುಡ್ಡದ ಬುಡದ ತಗಡಿನ ಶೆಡ್ಡಿನಲ್ಲಿ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಇದ್ದಾನೆ. "ಗುಡ್ಡದಾಗ ಹೊಗಿ ಎದ್ದದ್ರಿ ಸಾಹೇಬ್ರ" ಎಂದು ಅವನ ಫೋನು ಬಂದರೆ ನಾವು ಕಿಟಕಿಗಳನ್ನು ಮುಚ್ಚಿ, ಸಂದಿಗೆ ಹಸಿ ಬಟ್ಟೆ ತುರುಕಿ, ಅವ್ವನ ಔಷಧಿ ಕೈಗೆಟುಕುವಲ್ಲಿ ಇಡುತ್ತೇವೆ. ಅವನು ಹಸಿ ಟೊಂಗೆ ಹಿಡಿದು ಬೆಂಕಿ ಬಡಿಯಲು ಮೇಲೆ ಹತ್ತುತ್ತಾನೆ. ಅವನ ಶೆಡ್ಡಿಗೆ ಮುಚ್ಚಲು ಕಿಟಕಿಯೇ ಇಲ್ಲ, ತಗಡಿನ ಸಂದಿಯಿಂದಲೇ ಹೊಗೆ ನುಗ್ಗುತ್ತದೆ. ಇದನ್ನು ಮೊದಲು ಕೇಳಿದವಳು ಅವ್ವ: "ಆ ಕೂಸುಗಳು ಎಲ್ಲಿ ಮಲಗತಾವು?"

ಈಗ ಫೋನು ಬಂದ ಕೂಡಲೇ ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೇಲೆ ನಮ್ಮ ಮನೆಗೆ ಬರುತ್ತಾಳೆ. ಕಳೆದ ಸಲ ಗುಡ್ಡ ಉರಿಯುತ್ತಿದ್ದಾಗ ದೊಡ್ಡ ಹುಡುಗನಿಗೆ ನಾವು ನಕ್ಷೆ ತೋರಿಸಿದೆವು. ಅವನು ಬಹಳ ಹೊತ್ತು ಹುಡುಕಿ, "ನಮ್ಮ ಬೆಂಕಿ ಇದ್ರಾಗ ಇಲ್ಲಲ್ಲ ಕಾಕಾ?" ಎಂದ. ನಾವು ಅವನನ್ನು ಗಚ್ಚಿಗೆ ಕರೆದೊಯ್ದು, ಅವನಪ್ಪ ಯಾವ ಕಡೆ ಹತ್ತಿದ್ದಾನೆಂದು ತೋರಿಸಿದೆವು.