421306

ರಾತ್ರಿ ಎಂಟೂವರೆ. ಡೊಂಬಿವಲಿ ಪೂರ್ವದ ಒಂದು ಶಾಲೆಯ ಆಫೀಸಿನಲ್ಲಿ, ಕಂಪ್ಯೂಟರಿನ ಮುಂದೆ ನೀವು ಕೂತಿದ್ದೀರಿ. ಕಿಟಕಿ ತೆರೆದರೆ ಎಂಐಡಿಸಿ ಕಾರ್ಖಾನೆಗಳ ಕಡೆಯ ಹುಳಿ ವಾಸನೆ ಗಂಟಲಿಗೆ ಹತ್ತುತ್ತದೆ, ಮುಚ್ಚಿದರೆ ಬೆವರು. ತೆರೆದೇ ಇಟ್ಟಿದ್ದೀರಿ. ಹಿಂದೆ ನಿಂತ ಟ್ರಸ್ಟಿನ ಶೆಟ್ರ ಕೈಯಲ್ಲಿ ಕಟಿಂಗ್ ಚಹಾ. ಶುಂಠಿಯ ಘಮ ನಿಮ್ಮ ಕಿವಿಯ ಹತ್ತಿರದಿಂದಲೇ ಬರುತ್ತಿದೆ.

ನಾಳೆ ಬೆಳಿಗ್ಗೆ ಸಮಿತಿಯ ಸಭೆ. ದುಡ್ಡಿರುವುದು ಒಂದು ಹೊಸ ಬಸ್ಸಿಗೆ. ಅದು ಓಡಬೇಕಾದದ್ದು ಕಲ್ಯಾಣ್ ಪೂರ್ವಕ್ಕೋ, ಶೀಳ್ ರಸ್ತೆಯ ಪಲಾವಾಕ್ಕೋ? ಈ ವರ್ಷ ಪ್ರವೇಶ ಕೇಳಿದ ಮಕ್ಕಳ ವಿಳಾಸಗಳಷ್ಟನ್ನೂ ಟೈಪು ಮಾಡಿದ್ದೀರಿ. ಹೆಸರಿನ ಕಾಲಂ ಅಳಿಸಿದ್ದೀರಿ, ನಕ್ಷೆಗೆ ಹೆಸರು ಬೇಕಿಲ್ಲ.

ಒತ್ತಿ.

ಚುಕ್ಕಿಗಳು ಬೀಳುತ್ತವೆ. ಥಾಣೆಯಲ್ಲಿ ಅಲ್ಲೊಂದು ಇಲ್ಲೊಂದು. ಐರೋಲಿ, ವಾಶಿಯಲ್ಲಿ ಬೆರಳೆಣಿಕೆಯಷ್ಟು. ಪಲಾವಾದಲ್ಲಿ ಟವರಿಗಿಷ್ಟು ಎಂಬಂತೆ ಅಚ್ಚುಕಟ್ಟು. ಆಮೇಲೆ ಕಲ್ಯಾಣ್ ಪೂರ್ವದ ನಡುಮಧ್ಯೆ ದಟ್ಟ ಕೆಂಪು ರಾಶಿ.

“ಇಲ್ಲೇ ಉಂಟಲ್ಲ ಮಾರಾಯ್ರೆ! ಬಸ್ಸು ಇಲ್ಲಿಗೇ.” ಶೆಟ್ರ ಬೆರಳು ಪರದೆಗೆ ತಾಗುತ್ತದೆ.

ನಿಮ್ಮ ಕೈ ಮೌಸಿನ ಮೇಲೆ ತಡೆಯುತ್ತದೆ. ಹತ್ತಿರ ಹೋಗುತ್ತೀರಿ. ಇನ್ನೂ ಹತ್ತಿರ. ರಾಶಿ ಬಿಚ್ಚಿಕೊಳ್ಳುವುದಿಲ್ಲ. ಎಲ್ಲವೂ ಒಂದೇ ಜಾಗದಲ್ಲಿ, ಒಂದರ ಮೇಲೊಂದು. ಅಲ್ಲಿ ಮನೆಯೇ ಇಲ್ಲ. ಹೊಟ್ಟೆ ತಣ್ಣಗಾಗುತ್ತದೆ.

ಆಗಿರುವುದಿಷ್ಟು. ‘ಗಣಪತಿ ಮಂದಿರದ ಹಿಂದೆ, ಚಾಳಿನ ಕೊನೇ ಖೋಲಿ’ ಎಂಬುದು ಯಂತ್ರಕ್ಕೆ ತಿಳಿದಿಲ್ಲ. ಅದು ಕೊನೆಯ ಆರು ಅಂಕಿ, 421306, ಅಷ್ಟನ್ನೇ ಓದಿ, ಆ ಪಿನ್‌ಕೋಡಿನ ನಡುವಿಗೆ ಎಲ್ಲರನ್ನೂ ಸುರಿದುಬಿಟ್ಟಿದೆ. ನವಿ ಮುಂಬಯಿಯಲ್ಲಿ ಹೀಗಾಗದು. 1970ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಸಿಡ್ಕೊ ಆ ನಗರವನ್ನು ಸೆಕ್ಟರು, ಪ್ಲಾಟುಗಳ ಲೆಕ್ಕದಲ್ಲೇ ಕಟ್ಟಿತು. ಪಲಾವಾದ ಟವರುಗಳೂ ಹಾಗೇ. ಉಳ್ಳವರ ಮನೆ ನಕ್ಷೆಗೆ ಸಲೀಸಾಗಿ ಸಿಗುತ್ತದೆ, ರಾಶಿಗೆ ಬೀಳುವುದು ಚಾಳಿನ ಮಕ್ಕಳು.

ಸುಮ್ಮನಿದ್ದರೆ ಬಸ್ಸು ಅವರ ಕಡೆಗೇ ಹೋಗುತ್ತದೆ, ಆದರೆ ಯಾರ ಬಾಗಿಲಿಗೂ ಅಲ್ಲ. ಸರಿಪಡಿಸಿದರೆ ರಾಶಿ ಚೆದರಿ ಪಲಾವಾ ಗೆಲ್ಲುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಅನ್ಯಾಯ?

ಹೇಳಿಬಿಡುತ್ತೀರಿ. ಶೆಟ್ರು ಚಹಾ ಕೆಳಗಿಡುತ್ತಾರೆ.

“ಶಾಲೆಯ ಸುತ್ತ ಒಂದು ಕಿಲೋಮೀಟರಿನ ವೃತ್ತ ಎಳೀರಿ ನೋಡುವ.”

ವೃತ್ತವೆಂದರೆ ಈ ಆಫೀಸಿಗೆ ಇನ್ನೂ ಅಳುಕು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರವೇಶಕ್ಕೆ ಪೋಷಕರು ಸರ್ಕಾರದ ಪೋರ್ಟಲಿನ ನಕ್ಷೆಯಲ್ಲಿ ಮನೆಯನ್ನು ತಾವೇ ಗುರುತಿಸಬೇಕು, ಅಲ್ಲಿ ದೂರವೇ ಹಣೆಬರಹ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರ್ಕಾರ, ಒಂದು ಕಿಲೋಮೀಟರಿನೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಖಾಸಗಿ ಶಾಲೆ ಬಡ, ಹಿಂದುಳಿದ ಮಕ್ಕಳಿಗೆ ಶೇ. 25 ಸೀಟು ಕೊಡಬೇಕಿಲ್ಲ ಎಂದಿತು. ಜುಲೈ 19ರಂದು ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು. ಅಂಥದೇ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2019ರಲ್ಲಿ ಎತ್ತಿಹಿಡಿದಿತ್ತು.

ವೃತ್ತ ರೈಲುಹಳಿ ದಾಟಿ ಡೊಂಬಿವಲಿ ಪಶ್ಚಿಮಕ್ಕೂ ಚಾಚುತ್ತದೆ. ಪರದೆಯ ಮೇಲೆ ಹತ್ತಿರ. ಬೆಳಗಿನ ಲೋಕಲ್ಲಿಗೆ ನುಗ್ಗುವ ಜನರಿಗೆ ಎದುರಾಗಿ, ಮೊಣಕೈಗಳ ನಡುವೆ, ಪಾಟಿಚೀಲ ಎದೆಗವುಚಿಕೊಂಡು ಸೇತುವೆ ಹತ್ತುವ ಆರು ವರ್ಷದ ಕಾಲಿಗೆ ಅದು ಹತ್ತಿರವಲ್ಲ. ವೃತ್ತವನ್ನು ಅಳಿಸುತ್ತೀರಿ.

ಇನ್ನುಳಿದದ್ದು ಫೋನು. ಒಂದೊಂದೇ ನಂಬರು. ಕೋಳ್ಸೇವಾಡಿ. ಚಿಂಚ್‌ಪಾಡಾ. ಸ್ವಿಚ್ ಆಫ್. ಮತ್ತೆ ಕೋಳ್ಸೇವಾಡಿ. ಒಂದೊಂದೇ ಚುಕ್ಕಿಯನ್ನು ಎಳೆದು ಮನೆಗೆ ಮುಟ್ಟಿಸುತ್ತೀರಿ, ಮಣಿಕಟ್ಟು ನೋಯತೊಡಗಿದೆ. ಆಮೇಲೆ ಒಂದು ದನಿ, ಹಿಂದೆ ಪಾತ್ರೆಗಳ ಸದ್ದು:

“ನೇತಿವಲಿ ಗುಡ್ಡದ ಮ್ಯಾಲ ಅದೀವ್ರಿ ಅಕ್ಕಾರ. ಬಸ್ ಮ್ಯಾಲ ಬರತೈತೇನ್ರೀ?”

ಬರುವುದಿಲ್ಲ. ಆ ಏರಿಗೆ ರಿಕ್ಷಾ ಹತ್ತಿದರೇ ಹೆಚ್ಚು. ಕೆಳಗೆ ಶೀಳ್ ರಸ್ತೆಯಲ್ಲಿ ನಿಲ್ಲಬಹುದು ಎನ್ನುತ್ತೀರಿ.

ರಾಶಿ ಕರಗಿದೆ. ಗುಡ್ಡದ ಸುತ್ತ ಒಂದು ಚಿಕ್ಕ ಗುಂಪು, ಉಳಿದದ್ದು ಚೆಲ್ಲಾಪಿಲ್ಲಿ. ಪಲಾವಾ ಗೆದ್ದಿದೆ. ಅಲ್ಲಿಂದ ಫೀಸೂ ತಪ್ಪದೆ ಬರುತ್ತದೆ, ಸಮಿತಿಗೆ ಬೇಕಾದದ್ದೂ ಅದೇ. ಶೆಟ್ರು ಪರದೆಯನ್ನೇ ನೋಡುತ್ತಿದ್ದಾರೆ. ಗುಡ್ಡವೂ ಪಲಾವಾವೂ ಒಂದೇ ರಸ್ತೆಗೆ, ಶಾಲೆ ನಡುವೆ.

“ಎರಡು ಟ್ರಿಪ್ ಹೊಡೆದರೆ? ಮೊದಲು ಗುಡ್ಡ, ಐದೂಮುಕ್ಕಾಲಿಗೆ. ಕೇಳಿ ನೋಡಿ.”

ಮತ್ತೆ ಅದೇ ನಂಬರು.

“ಐದೂಮುಕ್ಕಾಲಿಗೆ ಹ್ಯಾಂಗ್ರಿ? ಆರಕ್ಕ ನಳ ಬರ್ತೈತಿ. ನೀರ ತುಂಬಿ, ಹುಡುಗೀನ ಕರಕೊಂಡು ಇಳೀಬೇಕಲ್ರಿ. ಆರೂವರಿಗಿ ಆದ್ರ ಬರ್ತೀವಿ.”

ಸ್ಪೀಕರಿನಲ್ಲಿ ಶೆಟ್ರಿಗೂ ಕೇಳಿಸಿದೆ. ನೀವು ವೇಳಾಪಟ್ಟಿಯ ಸಾಲುಗಳನ್ನು ಅದಲುಬದಲು ಮಾಡುತ್ತೀರಿ: ಪಲಾವಾ 5.45, ನೇತಿವಲಿ 6.30.

“ಪಲಾವಾದವರು ಬೊಬ್ಬೆ ಹೊಡೀತಾರೆ,” ಎನ್ನುತ್ತಾರೆ ಶೆಟ್ರು. ಜೇಬು ತಡಕಾಡಿ ಪೆನ್ನು ತೆಗೆಯುತ್ತಾರೆ. “ಪ್ರಿಂಟು ಕೊಡಿ. ಸಭೆಯಲ್ಲಿ ನಾನು ಮಾತಾಡ್ತೇನೆ.”