ಅಲುಗಿದ ಭಾವಚಿತ್ರ

ಅಕ್ಕಲಕೋಟದ ನಮ್ಮ ಮನೆಯ ಪಡಸಾಲೆಯಲ್ಲಿ ತಾಯಿಯವರ ಭಾವಚಿತ್ರ ಒಂದೇ ಒಂದಿದೆ. 1962ರಲ್ಲಿ ಸೊಲ್ಲಾಪುರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು. ಸೀರೆಯ ಅಂಚು, ಕುರ್ಚಿಯ ಕೈ, ಹಿಂದಿನ ಪರದೆಯ ಹೂಕುಂಡ ಎಲ್ಲವೂ ಸ್ಪಷ್ಟ. ಮುಖ ಮಾತ್ರ ಮಂಜು. ಆ ದಿನ ವಿದ್ಯುತ್ತು ಇರಲಿಲ್ಲವಂತೆ. ಕಿಟಕಿಯ ಬೆಳಕನ್ನೇ ನಂಬಿ ಕ್ಯಾಮರಾದ ಕಣ್ಣನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟಿದ್ದರು. ಅಷ್ಟರಲ್ಲಿ ಎರಡು ವರ್ಷದ ನಾವು ಹೊಸ್ತಿಲ ಬಳಿ ಅತ್ತೆವು; ತಾಯಿಯವರು ತಿರುಗಿ ನೋಡಿದರು. ಮರುವರ್ಷವೇ ಅವರು ತೀರಿಕೊಂಡುದರಿಂದ ಇನ್ನೊಂದು ಚಿತ್ರ ತೆಗೆಸುವ ಪ್ರಸಂಗ ಬರಲಿಲ್ಲ.

ಕಳೆದ ದೀಪಾವಳಿಯಲ್ಲಿ ಅಣ್ಣನ ಮೊಮ್ಮಗಳು ಅದನ್ನು ಅಂಗಡಿಯೊಂದರಲ್ಲಿ ಕಂಪ್ಯೂಟರಿನಿಂದ ತಿದ್ದಿಸಿ ತಂದಳು. ಕಣ್ಣು, ಮೂಗು, ಹುಬ್ಬು ಎಲ್ಲ ಅಚ್ಚುಕಟ್ಟು. ಎಂಬತ್ತು ಸಮೀಪಿಸಿರುವ ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಇವರು ಯಾರು?” ಎಂದರು.

ಯಂತ್ರವನ್ನು ದೂರಿ ಫಲವಿಲ್ಲ. ಬೆಳಕು ಬಿಡಿ ಬಿಡಿ ಕಣಗಳಾಗಿ ಬಂದು ತಲುಪುತ್ತದೆ; ಒಂದೊಂದು ಕಣವೂ ಒಂದು ಫೋಟಾನ್. ತಾಯಿಯವರು ತಿರುಗುವ ಮೊದಲು ಬಂದವೂ ತಿರುಗಿದ ಮೇಲೆ ಬಂದವೂ ಫಿಲ್ಮಿನ ಮೇಲೆ ರಾಶಿಯಾದವು. ಯಾವುದು ಯಾವಾಗ ಬಂದಿತೆಂದು ಫಿಲ್ಮು ಬರೆದಿಡಲಿಲ್ಲ. ಎರಡು ಹೊಲಗಳ ಜೋಳವನ್ನು ಒಂದೇ ಹಗೇವಿಗೆ ಸುರಿದ ಮೇಲೆ ಕಾಳು ಬೇರ್ಪಡಿಸಲು ಬಂದೀತೆ? ಯಂತ್ರ ತನಗೆ ತೋಚಿದ ಮುಖವನ್ನು ಬರೆಯಿತು.

ಬಂದ ಹೊತ್ತನ್ನು ಬರೆದಿಡುವ ಉಪಕರಣವೂ ಉಂಟು. 2015ರ ಸೆಪ್ಟೆಂಬರ್ 28ರಂದು ಆಕಾಶಕ್ಕೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ದೂರದರ್ಶಕವೊಂದಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ, ಕೆನಡಾದ ಅಂತರಿಕ್ಷ ಸಂಸ್ಥೆಯ ನೆರವಿನೊಡನೆ ಸಿದ್ಧವಾದದ್ದು; ಜೋಡಣೆಯಾದದ್ದು ಹೊಸಕೋಟೆಯಲ್ಲಿ. ಅದರ ಅತಿನೇರಳೆ ಸಂವೇದಕಕ್ಕೆ ಒಂದು ಫೋಟಾನ್ ತಗುಲಿದರೆ ಒಂದು ಎಲೆಕ್ಟ್ರಾನ್ ಹೊರಬೀಳುತ್ತದೆ. ಅದು ಸೂಕ್ಷ್ಮ ರಂಧ್ರಗಳ ಫಲಕದಲ್ಲಿ ಹಾಯುವಾಗ ಸಾವಿರಾರು ಎಲೆಕ್ಟ್ರಾನುಗಳ ಮಳೆಯಾಗಿ, ಕೊನೆಗೆ ಕ್ಯಾಮರಾ ಕಾಣಬಲ್ಲಷ್ಟು ದೊಡ್ಡ ಬೆಳಕಿನ ಚುಕ್ಕೆಯಾಗುತ್ತದೆ. ಸೆಕೆಂಡಿಗೆ ಸುಮಾರು 29 ಸಲ ಈ ಚುಕ್ಕೆಗಳ ಲೆಕ್ಕ ನಡೆಯುತ್ತದೆ: ಎಲ್ಲಿ ಬಿತ್ತು, ಯಾವಾಗ ಬಿತ್ತು.

ಈ “ಯಾವಾಗ” ಏತಕ್ಕೆ? ಉಪಗ್ರಹವೂ ನಮ್ಮ ತಾಯಿಯವರಂತೆಯೇ, ಒಂದೇ ಭಂಗಿಯಲ್ಲಿ ನಿಲ್ಲುವುದಿಲ್ಲ, ಮೆಲ್ಲಗೆ ಓಲಾಡುತ್ತಿರುತ್ತದೆ. ಆದರೆ ಅದೇ ದೂರದರ್ಶಕದ ಇನ್ನೊಂದು ಕಣ್ಣು ಸಾಧಾರಣ ಬೆಳಕಿನಲ್ಲಿ ನಕ್ಷತ್ರಗಳನ್ನು ನೋಡುತ್ತ ಆ ಓಲಾಟವನ್ನು ಅಳೆಯುತ್ತದೆ. ಕೆಳಗಿನ ವಿಜ್ಞಾನಿಗಳು ಪ್ರತಿಯೊಂದು ಫೋಟಾನನ್ನೂ, ಅದು ಬಂದ ಕ್ಷಣದಲ್ಲಿ ಉಪಗ್ರಹ ಎಷ್ಟು ವಾಲಿತ್ತೋ ಅಷ್ಟು ಹಿಂದಕ್ಕೆ ಸರಿಸಿ, ಅದರ ಸ್ವಸ್ಥಾನದಲ್ಲಿ ಕೂರಿಸುತ್ತಾರೆ. ಊಹೆಯಿಂದ ಬರೆದದ್ದು ಒಂದೂ ಇಲ್ಲ.

ಹೀಗೆ 2016ರ ಅಕ್ಟೋಬರಿನಲ್ಲಿ ಒಂದೇ ದಿಕ್ಕಿಗೆ ಒಟ್ಟು 28 ಗಂಟೆಗೂ ಮೀರಿ ಕಣ್ಣಿಟ್ಟು ಕೂಡಿಸಿದ ಫೋಟಾನುಗಳಿಂದ, 930 ಕೋಟಿ ಜ್ಯೋತಿರ್ವರ್ಷ ದೂರದ ನಕ್ಷತ್ರಪುಂಜವೊಂದು ಪತ್ತೆಯಾಯಿತು. ಪುಣೆಯ ಅಯೂಕಾ ಸಂಸ್ಥೆಯ ಕನಕ್ ಸಾಹಾ ಮತ್ತು ಸಂಗಡಿಗರು 2020ರಲ್ಲಿ ಅದನ್ನು ಪ್ರಕಟಿಸಿದರು. ಪ್ರಯೋಗಶಾಲೆಗಳಲ್ಲಿಯಂತೂ ಫೋಟಾನ್ ಬಂದ ಸಮಯವನ್ನು ಸೆಕೆಂಡಿನ ನೂರು ಕೋಟಿಯ ಒಂದಂಶಕ್ಕಿಂತಲೂ ಸೂಕ್ಷ್ಮವಾಗಿ ಗುರುತಿಸುತ್ತಾರೆ.

ಇದನ್ನೆಲ್ಲ ಹುಡುಗಿಗೆ ಹೇಳಿದಾಗ, ಅಂಥ ಯಂತ್ರ ಆ ಸ್ಟುಡಿಯೋದಲ್ಲಿ ಇದ್ದಿದ್ದರೆ ಎಂದು ಕೇಳಿದಳು. ಇದ್ದರೂ ಒದಗುತ್ತಿರಲಿಲ್ಲವೆಂದೆವು. ಅದು ಬಡಬೆಳಕಿನ ಯಂತ್ರ; ಒಂದೇ ಗಳಿಗೆಯಲ್ಲಿ ಒಂದೇ ಕಡೆ ಎರಡು ಫೋಟಾನ್ ಬಿದ್ದರೆ ಒಂದೆಂದೇ ಎಣಿಸುತ್ತದೆ. ಕಿಟಕಿಯ ಬೆಳಕಿನಲ್ಲಿ ಅದರ ಎಣಿಕೆ ಪೂರ್ತಿ ತಪ್ಪುತ್ತಿತ್ತು. ಹುಡುಗಿಗೆ ಈ ಉತ್ತರ ಹಿಡಿಸಲಿಲ್ಲ. ನಮಗೂ ಅಷ್ಟೇನೂ ಹಿಡಿಸಿರಲಿಲ್ಲ.

ತಿದ್ದಿದ ಚಿತ್ರ ಈಗ ಕಪಾಟಿನಲ್ಲಿದೆ. ಹಳೆಯದರ ಗಾಜನ್ನು ಅಕ್ಕ ಸೆರಗಿನಿಂದ ಒರೆಸಿ, ಮತ್ತೆ ಅದೇ ಮೊಳೆಗೆ ತೂಗಹಾಕಿಸಿದರು. ಮುಖದ ಮಂಜು ಎಡಕ್ಕೆ ಹರಿದಿದೆ. ನಾವು ಅತ್ತ ಹೊಸ್ತಿಲು ಆ ಕಡೆಗಿತ್ತೆಂದು ಅಕ್ಕ ಹೇಳುತ್ತಾರೆ.